ಎಳೆಯ ಮಕ್ಕಳ ಆಟ, ಕಥೆ ಮತ್ತು ಮನೆಮಾತು

1967ರಲ್ಲಿ ಸ್ಥಾಪನೆಯಾದ ಇ.ಸಿ.ಐ.ಎಲ್. ಹಾಗೂ ನೆರೆಯ ಇತರ ಕಾರ್ಖಾನೆಗಳು ಕುಷಾಯಿಗೂಡದ ಸುತ್ತಣ ಪ್ರದೇಶವನ್ನು ಉದ್ಯೋಗಿಗಳ ನೆಲೆಯನ್ನಾಗಿ ಮಾಡಿದವು. ಇಲ್ಲಿ ನೆಲಸಿದ ಕನ್ನಡ ಕುಟುಂಬದ ಮಗುವಿಗೆ ಬೀದಿಯಲ್ಲಿ ತೆಲುಗು, ಅಂಗಡಿಯಲ್ಲಿ ಹಿಂದಿ, ಶಾಲೆಯಲ್ಲಿ ಇಂಗ್ಲಿಷ್ ತಾನಾಗಿ ದೊರೆಯುತ್ತವೆ. ಇದು ಲಾಭವೇ ಸರಿ. ಆದರೆ ಮನೆಯೊಳಗಿನ ಕನ್ನಡವು ‘ಬಾ, ಉಣ್ಣು, ಮಲಗು’ ಎಂಬ ಅಪ್ಪಣೆಗಳಿಗಷ್ಟೇ ಸೀಮಿತವಾದರೆ, ಊರಿನಿಂದ ಬಂದ ಅಜ್ಜಿಯೊಡನೆ ಆಡಲು ಮೊಮ್ಮಗುವಿನ ಬಳಿ ಮಾತೇ ಉಳಿಯದು. ಈ ಕೊರತೆಗೆ ಅಕ್ಷರಮಾಲೆಯ ಪಾಠವು ಮದ್ದಲ್ಲ. ಆಟ ಮತ್ತು ಕಥೆಗಳೇ ಮದ್ದೆಂಬುದು ನಮ್ಮ ಅಭಿಪ್ರಾಯ.

ಎಳೆಯ ಮಗು ಲೋಕವನ್ನರಿಯುವುದು ಮುಟ್ಟಿ, ಮೂಸಿ, ಆಲಿಸಿ. ಇಂದ್ರಿಯಗಳ ಮೂಲಕ ಕಲಿಸುವ ಪದ್ಧತಿಯನ್ನು ಮರಿಯಾ ಮಾಂಟೆಸೊರಿಯವರು 1907ರಲ್ಲಿ ರೋಮ್ ನಗರದಲ್ಲಿ ಆರಂಭಿಸಿದ್ದು ಶ್ರೀಮಂತರ ಬಡಾವಣೆಯಲ್ಲಲ್ಲ, ದುಡಿಯುವವರ ಮಕ್ಕಳ ನಡುವೆ ಎಂಬುದು ಸ್ಮರಣೀಯ. ನಮಗೂ ಬೆಲೆಬಾಳುವ ಆಟಿಕೆಗಳು ಬೇಕಿಲ್ಲ. ಒಂದು ಬಟ್ಟಲು ರಾಗಿ, ಹಿಡಿ ಹುಣಸೆಬೀಜ, ಒದ್ದೆ ಜೇಡಿಮಣ್ಣು, ಕರಿಬೇವಿನ ಒಂದು ಎಸಳು ಸಾಕು. ‘ಜಿಗುಟು’ ಎಂಬ ಪದವನ್ನು ಮಗು ಕಲಿಯುವುದು ಪುಸ್ತಕದಿಂದಲ್ಲ, ಕೈಗಂಟಿದ ಹಿಟ್ಟಿನಿಂದ. ಆದರೆ ಎಚ್ಚರವಿರಲಿ: ಮೂರು ವರ್ಷ ತುಂಬದ ಮಕ್ಕಳಿಗೆ ಕಾಳು-ಬೀಜಗಳನ್ನು ಕೊಡಲಾಗದು, ಗಂಟಲಲ್ಲಿ ಸಿಲುಕಿ ಉಸಿರು ಕಟ್ಟುವ ಅಪಾಯವುಂಟು. ಕಿವಿಯಲ್ಲಿ ಬೀಜ ಸೇರಿದರೆ ನೀರು ಹಾಕದೆ ವೈದ್ಯರಲ್ಲಿಗೆ ಕರೆದೊಯ್ಯಬೇಕು. ನೀರು ಸೋಕಿದರೆ ಬೀಜ ಊದಿಕೊಳ್ಳುತ್ತದೆ. ದೊಡ್ಡ ಮಕ್ಕಳ ಆಟಕ್ಕೂ ಹಿರಿಯರ ಕಣ್ಗಾವಲು ಇರಲೇಬೇಕು.

ಆಟದ ವಸ್ತುವೇ ಕಥೆಯ ನಾಯಕನಾಗಲಿ. “ಒಂದು ಹುಣಸೆಬೀಜ ಅಜ್ಜಿಯ ಊರಿಗೆ ಹೊರಟಿತು. ಹೇಗೆ ಹೋಯಿತು?” ಎಂದು ತಾಯಿ ಕೇಳಲಿ. ಮಗು “ಬಸ್ಸು ಎಕ್ಕಿಂದಿ” ಎಂದು ತೆಲುಗು ಬೆರೆಸಿದರೆ ಗದರಿಸುವುದು ತರವಲ್ಲ. “ಹೌದು, ಬಸ್ಸು ಹತ್ತಿತು! ಕಿಟಕಿಯಿಂದ ಏನೇನು ಕಂಡಿತು?” ಎಂದು ಕನ್ನಡದಲ್ಲಿ ಮುಂದುವರಿಸಿದರೆ ಕಥೆಯೂ ಬೆಳೆದೀತು, ಭಾಷೆಯೂ ಬೆಳೆದೀತು. ಅಮೆರಿಕದ ಗ್ರೋವರ್ ವೈಟ್‌ಹರ್ಸ್ಟ್ ಮತ್ತು ಸಂಗಡಿಗರು 1988ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಹೀಗೆ ಪ್ರಶ್ನಿಸುತ್ತ, ಉತ್ತರವನ್ನು ವಿಸ್ತರಿಸುತ್ತ ಚಿತ್ರಪುಸ್ತಕಗಳನ್ನೋದಿದ ಮನೆಗಳ ಮಕ್ಕಳು ಒಂದೇ ತಿಂಗಳಲ್ಲಿ, ಎಂದಿನಂತೆ ಓದಿಸಿಕೊಂಡ ಮಕ್ಕಳಿಗಿಂತ ಮಾತಿನಲ್ಲಿ ಮುಂದಾಗಿದ್ದರು.

ಪಾಳಿಯ ಕೆಲಸ ಮುಗಿಸಿ ಬಂದ ತಾಯ್ತಂದೆಯರಿಗೆ ವ್ಯವಧಾನವೆಲ್ಲಿ ಎಂಬ ಆಕ್ಷೇಪವು ನ್ಯಾಯವಾದುದೇ. ಬಳಲಿದ ಕೈ ಮೊಬೈಲನ್ನು ಮಗುವಿಗಿತ್ತು ಸುಮ್ಮನಾಗುವುದೂ ಸಹಜ. ಆದರೆ ಎರಡರಿಂದ ನಾಲ್ಕು ವರ್ಷದ ಮಕ್ಕಳು ದಿನಕ್ಕೆ ಒಂದು ಗಂಟೆಗಿಂತ ಹೆಚ್ಚು ಕಾಲ ಪರದೆಯ ಮುಂದೆ ಕೂರಬಾರದೆಂದೂ, ಕುಳಿತಿರುವ ಹೊತ್ತಿನಲ್ಲಿ ಓದು ಮತ್ತು ಕಥೆ ಹಿತವೆಂದೂ ವಿಶ್ವ ಆರೋಗ್ಯ ಸಂಸ್ಥೆಯು 2019ರಲ್ಲಿ ಸೂಚಿಸಿದೆ. ರಾತ್ರಿ ಊಟದ ನಂತರದ ಕಾಲು ಗಂಟೆಯೂ ಕಥೆಗೆ ಸಾಲುತ್ತದೆ.

ನಮ್ಮ ಸಂಘಗಳಿಗೂ ಒಂದು ಬಿನ್ನಹ. ರಾಜ್ಯೋತ್ಸವದಂದು ನಾಲ್ಕು ವರ್ಷದ ಕೂಸನ್ನು ವೇದಿಕೆಗೇರಿಸಿ, ಅರ್ಥವರಿಯದ ಪದ್ಯವನ್ನು ಒಪ್ಪಿಸಹೇಳಿ ಚಪ್ಪಾಳೆ ತಟ್ಟುವುದರಿಂದ ಕನ್ನಡ ಉಳಿಯದು. ಸಭಾಂಗಣದ ಒಂದು ಮೂಲೆಯಲ್ಲಿ ಜಮಖಾನ ಹಾಸಿ, ಜೇಡಿಮಣ್ಣನ್ನಿಟ್ಟು, ಅಜ್ಜ-ಅಜ್ಜಿಯರ ನಡುವೆ ಮಕ್ಕಳನ್ನು ಕೂರಿಸೋಣ. ಅಲ್ಲಿ ಮಕ್ಕಳು ಕೇಳುಗರಷ್ಟೇ ಆಗದೆ ಕಥೆಗಾರರೂ ಆಗಲಿ.