ಸೇವೆ ನಮ್ಮದು, ಕುರ್ಚಿ ಯಾರದು?

ಅವರ್ಸಾದಲ್ಲಿ ಹೆದ್ದಾರಿಯ ಬದಿಯ ಚಹಾದಂಗಡಿಯೊಂದರಲ್ಲಿ ಈಚೆಗೆ ನಾವು ಕುಳಿತಿದ್ದೆವು. ಕಾಲೇಜಿಗೆ ಹೋಗುವ ಹುಡುಗನೊಬ್ಬ ತನ್ನ ಮೊಬೈಲನ್ನು ನಮ್ಮ ಮುಂದೆ ಹಿಡಿದು, "ಸರ್, ಇದರಲ್ಲಿ ಹೆಸರು ಹಾಕಲೋ ಬೇಡವೋ?" ಎಂದು ಕೇಳಿದ. ಸ್ವಯಂಸೇವಕರಾಗಿರಿ, ದೇಶ ಕಟ್ಟಿರಿ, ಪ್ರಮಾಣಪತ್ರ ಪಡೆಯಿರಿ ಎಂಬ ಸರಕಾರಿ ಕರೆ ಅದು. ನಾವು ಬಾಯಿ ತೆರೆಯುವುದರೊಳಗೆ ಪಕ್ಕದ ಬೆಂಚಿನಲ್ಲಿದ್ದ ವಯಸ್ಸಾದ ಮೀನುಗಾರರೊಬ್ಬರು, "ಮಾಸ್ತರೇ, ಹೆಸರು ಬರ್ಕಣೂಕೆ ಎಲ್ಲರೂ ಬರ್ತರು. ಕೈಕಾಲು ಮುರದ್ರೆ ಯಾರು ಬರ್ತರು?" ಎಂದರು. ಅಂಗಡಿಯಲ್ಲಿದ್ದವರೆಲ್ಲ ನಕ್ಕರು. ನಮಗೆ ನಗು ಬರಲಿಲ್ಲ. ಮಾಸ್ತರಿಕೆ ಬಿಟ್ಟು ಪಕ್ಷದ ಕೆಲಸಕ್ಕೆ ಇಳಿದಂದಿನಿಂದ ನೂರಾರು ಭಾಷಣ ಮಾಡಿದ ನಾವು ಆ ಒಂದು ಪ್ರಶ್ನೆಗೆ ಉತ್ತರ ಕೊಡಲಾರದೆ ಚಹಾ ಕುಡಿದು ಎದ್ದು ಬಂದೆವು. ಅಲ್ಲಿ ಹೇಳಲಾರದ್ದನ್ನು ಇಲ್ಲಿ ಬರೆಯುತ್ತಿದ್ದೇವೆ.

ಸೇವೆಯನ್ನು ನಾವು ಹಳಿಯುತ್ತಿಲ್ಲ. ಅದನ್ನು ನಮ್ಮ ಕರಾವಳಿಯವರಿಗೆ ಕಲಿಸಲು ದಿಲ್ಲಿಯಿಂದಾಗಲಿ ಬೆಂಗಳೂರಿನಿಂದಾಗಲಿ ಯಾರೂ ಬರಬೇಕಾಗಿಲ್ಲ. ನಾಟಿಯ ದಿನಗಳಲ್ಲಿ ಮುಯ್ಯಾಳಿನ ಪದ್ಧತಿ ಇತ್ತು. ಇಂದು ನನ್ನ ಗದ್ದೆಗೆ ನೀನು, ನಾಳೆ ನಿನ್ನ ಗದ್ದೆಗೆ ನಾನು. ಗಜನಿಯ ಬಂಡು ಒಡೆದು ಉಪ್ಪುನೀರು ಒಳನುಗ್ಗಿದರೆ ಊರಿಗೆ ಊರೇ ಬುಟ್ಟಿ ಹಿಡಿದು ಇಳಿಯುತ್ತಿತ್ತು. ರಂಪಣಿ ಬಲೆ ಎಳೆಯಲು ದಂಡೆಯುದ್ದಕ್ಕೂ ಜನ ಸಾಲುಗಟ್ಟುತ್ತಿದ್ದರು. ಆದರೆ ಇವೆಲ್ಲಕ್ಕೂ ಒಂದು ಕಟ್ಟಳೆ ಇತ್ತೆಂಬುದನ್ನು ಮರೆಯಕೂಡದು. ಮುಯ್ಯಿ ತೀರಿಸದವನ ಗದ್ದೆಗೆ ಮರುವರ್ಷ ಯಾರೂ ಹೋಗುತ್ತಿರಲಿಲ್ಲ. ರಂಪಣಿಯ ಪಾಲು ದಂಡೆಯ ಮೇಲೆ ಎಲ್ಲರ ಕಣ್ಣೆದುರಿಗೆ ಬೀಳುತ್ತಿತ್ತು. ನಾವು ಕೇಳುತ್ತಿರುವುದೂ ಇಷ್ಟೇ: ಸರಕಾರದ ಸೇವೆಗೂ ಒಂದು ಕಟ್ಟಳೆ ಇರಲಿ, ಅದನ್ನು ನಡೆಸುವ ಆಯೋಗದಲ್ಲಿ ಯಾರು ಕೂಡಬೇಕು, ಯಾರು ಕೂಡಬಾರದು ಎಂಬುದು ಕಾಯದೆಯಲ್ಲಿ ಬರೆದಿರಲಿ.

ನಾಡಿನ ಸ್ವಯಂಸೇವಕ ಪರಂಪರೆಗೂ ಶಿಸ್ತು ಹೊಸದಲ್ಲ. ಹುಬ್ಬಳ್ಳಿಯ ಡಾ. ನಾ. ಸು. ಹರ್ಡೀಕರರು 1923ರಲ್ಲಿ ಹಿಂದುಸ್ತಾನಿ ಸೇವಾದಳವನ್ನು ಕಟ್ಟಿದರು. ಮರುವರ್ಷ ಬೆಳಗಾವಿಯಲ್ಲಿ ಗಾಂಧೀಜಿಯವರ ಅಧ್ಯಕ್ಷತೆಯಲ್ಲಿ ಕಾಂಗ್ರೆಸ್ ಅಧಿವೇಶನ ನಡೆದಾಗ ಆ ಶಿಸ್ತನ್ನು ದೇಶವೇ ಕಂಡಿತು. 1930ರ ಏಪ್ರಿಲಿನಲ್ಲಿ ನಮ್ಮ ಅಂಕೋಲೆಯಲ್ಲಿ ಉಪ್ಪು ತಯಾರಿಸಿ ಕಾಯದೆ ಮುರಿದವರೂ ಸ್ವಯಂಸೇವಕರೇ. ಅವರು ದುಡಿದದ್ದು ತಾವೇ ಒಪ್ಪಿದ ಗುರಿಗಾಗಿ. ಯಾವ ಇಲಾಖೆಯ ಖಾಲಿ ಹುದ್ದೆಯನ್ನೂ ಅವರು ತುಂಬಲಿಲ್ಲ.

ಇನ್ನು ಇತ್ತೀಚಿನದನ್ನು ನೋಡೋಣ. 2024ರ ಜುಲೈ 16ರಂದು ಇದೇ ತಾಲೂಕಿನ ಶಿರೂರಿನಲ್ಲಿ ಗುಡ್ಡ ಕುಸಿದು ಹೆದ್ದಾರಿಯ ಮೇಲೆ ಬಿತ್ತು. ಚಹಾದಂಗಡಿ, ಮನೆ, ಲಾರಿ, ಮನುಷ್ಯರು ಗಂಗಾವಳಿಯ ಪಾಲಾದರು. ಕೇರಳದ ಚಾಲಕನೊಬ್ಬನ ಲಾರಿ ಮೇಲಕ್ಕೆ ಬಂದದ್ದು ಸೆಪ್ಟೆಂಬರ್ 25ಕ್ಕೆ, ಗೋವೆಯಿಂದ ಹೂಳೆತ್ತುವ ಯಂತ್ರ ತರಿಸಿದ ಮೇಲೆ. ಅದಕ್ಕೂ ಮೊದಲು, ನದಿ ಕೆಂಪಗೆ ತುಂಬಿ ಹರಿಯುತ್ತಿದ್ದಾಗಲೇ, ಮಲ್ಪೆಯ ಕಡೆಯಿಂದ ಬಂದ ಮುಳುಗುಗಾರರು ನೀರಿಗೆ ಇಳಿದರು. ಸೊಂಟದ ಹಗ್ಗ ತುಂಡಾಗಿ ಒಬ್ಬರು ಸೆಳವಿಗೆ ಸಿಕ್ಕಿ ಬದುಕಿ ಬಂದರು. ಅದೇ ವರ್ಷದ ಆಗಸ್ಟ್ 7ರ ನಡುರಾತ್ರಿ ಕಾರವಾರದಲ್ಲಿ ಕಾಳಿ ನದಿಯ ಹಳೆಯ ಸೇತುವೆ ಮುರಿದು ಬಿದ್ದಾಗಲೂ ಲಾರಿಯ ಚಾಲಕನನ್ನು ನೀರಿನಿಂದ ಎತ್ತಲು ಕೈಕೊಟ್ಟವರಲ್ಲಿ ಮೀನುಗಾರರಿದ್ದರು. ಇವರಲ್ಲಿ ಒಬ್ಬ ಸತ್ತಿದ್ದರೆ? ಮಂತ್ರಿಗಳು ಬಂದು ಹಾರ ಹಾಕುತ್ತಿದ್ದರು, ಪರಿಹಾರವನ್ನೂ ಘೋಷಿಸುತ್ತಿದ್ದರು. ಅಷ್ಟರಮಟ್ಟಿಗೆ ನಾವು ಅವರನ್ನು ನಂಬುತ್ತೇವೆ. ಆದರೆ ಕರುಣೆಯ ಪರಿಹಾರ ಬೇರೆ, ಹಕ್ಕಿನ ಪರಿಹಾರ ಬೇರೆ. ಟಿ.ವಿ.ಯವರು ಬಂದ ಊರಿನಲ್ಲಿ ಕರುಣೆ ಹುಟ್ಟುತ್ತದೆ. ಬಾರದ ಊರಿನ ಹೆಂಗಸು ಅರ್ಜಿ ಹಿಡಿದು ಕಚೇರಿಯಿಂದ ಕಚೇರಿಗೆ ಅಲೆಯುತ್ತಾಳೆ.

"ಆಪದ ಮಿತ್ರ" ಯೋಜನೆ ಇದೆಯಲ್ಲ ಎಂದು ಯಾರಾದರೂ ಹೇಳಬಹುದು. ಇದೆ. 2016ರಲ್ಲಿ ಪ್ರಯೋಗವಾಗಿ ಆರಂಭವಾಗಿ, ಮುಂದೆ 350 ಜಿಲ್ಲೆಗಳಲ್ಲಿ 1 ಲಕ್ಷ ಜನರಿಗೆ 12 ದಿನಗಳ ತರಬೇತಿ ಕೊಡುವ ಯೋಜನೆಯಾಯಿತು. ಅದರಲ್ಲಿ ವಿಮೆಯ ಏರ್ಪಾಡೂ ಉಂಟು. ಒಳ್ಳೆಯದೇ. ಆದರೆ ಅದೊಂದು ಯೋಜನೆ, ಕಾಯದೆಯಲ್ಲ. ಯೋಜನೆಗೆ ಅವಧಿ ಇರುತ್ತದೆ, ಮುಳುಗುವವನಿಗೆ ಅವಧಿ ಇರುವುದಿಲ್ಲ. ಪಟ್ಟಿಯಲ್ಲಿ ಹೆಸರಿಲ್ಲದ ಮೀನುಗಾರ ದೋಣಿ ಹತ್ತುವ ಮೊದಲು ತನ್ನ ನೋಂದಣಿ ಸಂಖ್ಯೆ ಹುಡುಕುತ್ತ ಕೂಡಬೇಕೇ?

ನಮ್ಮದೇ ಒಂದು ಅನುಭವ ಹೇಳುತ್ತೇವೆ. ಮಾಸ್ತರಿಕೆಯಲ್ಲಿದ್ದಾಗ ಒಂದು ಊರಿನ ಶ್ರಮದಾನಕ್ಕೆ ಮಕ್ಕಳನ್ನು ಕರೆದುಕೊಂಡು ಹೋಗಿದ್ದೆವು. ಮೂರು ದಿನ ಗಟಾರು ತೆಗೆದರು, ಕಲ್ಲು ಹೊತ್ತರು, ಹಾಡು ಹೇಳಿದರು. ಒಬ್ಬ ಹುಡುಗನ ಪಾದ ಒಡೆದ ಬಾಟಲಿಗೆ ಸಿಕ್ಕಿ ಸೀಳಿತು. ಹೊಲಿಗೆಯ ಖರ್ಚನ್ನು ನಾವೂ ಪೇಟೆಯ ಇಬ್ಬರು ಅಂಗಡಿಕಾರರೂ ಕೂಡಿ ಕೊಟ್ಟೆವು. ಅದು ಹೋಗಲಿ. ಕೆಲವು ತಿಂಗಳ ಬಳಿಕ ಅದೇ ಗಟಾರಿನ ಕೆಲಸಕ್ಕೆ ಒಬ್ಬರು ಬಿಲ್ಲು ಎತ್ತಿದರೆಂಬ ಮಾತು ನಮ್ಮ ಕಿವಿಗೆ ಬಿತ್ತು. ಕೇಳಲು ಹೋದರೆ ತೋರಿಸಬೇಕಾದ ಪುಸ್ತಕವೇ ಇರಲಿಲ್ಲ, ಕೇಳುವ ಅಧಿಕಾರವೂ ನಮಗಿರಲಿಲ್ಲ. ಶ್ರಮವನ್ನು ದಾನವೆಂದು ಕೊಟ್ಟ ಮೇಲೆ ಲೆಕ್ಕ ಕೇಳುವುದು ಸಣ್ಣತನವಂತೆ! ಆ ಹುಡುಗನ ಮುಖವನ್ನು ಮತ್ತೆ ನೋಡಲು ನಮಗೆ ನಾಚಿಕೆಯಾಯಿತು.

ಇದು ಒಂದು ಊರಿನ ಸಣ್ಣ ಕಥೆ. ದೇಶದ ದೊಡ್ಡ ಕಥೆಯೂ ಇದೆ. ಮೊದಲನೆಯ ಪಂಚವಾರ್ಷಿಕ ಯೋಜನೆಗೆ ಜನರ ಸಹಕಾರ ಕೂಡಿಸಲೆಂದು 1952ರಲ್ಲಿ ಭಾರತ ಸೇವಕ ಸಮಾಜ ಹುಟ್ಟಿತು. ಪ್ರಧಾನಿ ನೆಹರೂರವರೇ ಅದರ ಅಧ್ಯಕ್ಷರು, ಗುಲ್ಜಾರಿಲಾಲ್ ನಂದಾರವರು ಅದರ ಮುಂದಾಳು. ಬಿಹಾರದ ಕೋಸಿ ನದಿಯ ದಂಡೆಗಳಿಗೆ ಒಡ್ಡು ಹಾಕುವ ಕೆಲಸದಲ್ಲಿ ಅದು ಸಹಸ್ರಾರು ಜನರನ್ನು ಕೂಡಿಸಿತು. ಪ್ರಾಮಾಣಿಕ ಜನ ಅಲ್ಲಿ ಬೆವರು ಸುರಿಸಿದರು, ಅದನ್ನು ನಾವು ಅಲ್ಲಗಳೆಯುವುದಿಲ್ಲ. ಆದರೆ ಬರಬರುತ್ತ ಸೇವೆಯ ಸಂಸ್ಥೆ ಕಟ್ಟಡದ ಗುತ್ತಿಗೆಗಳಿಗೂ ಕೈಹಾಕಿತು. ಲೆಕ್ಕಪತ್ರಗಳ ಬಗೆಗೆ ಸಂಸತ್ತಿನಲ್ಲಿ ಪ್ರಶ್ನೆಗಳೆದ್ದವು. ಕಡೆಗೆ 1969ರಲ್ಲಿ ನ್ಯಾಯಮೂರ್ತಿ ಜೆ. ಎಲ್. ಕಪೂರ್ ಅವರ ವಿಚಾರಣಾ ಆಯೋಗವನ್ನೇ ನೇಮಿಸಬೇಕಾಯಿತು. ದೇಶದ ಅತ್ಯಂತ ದೊಡ್ಡ ಹೆಸರು ತಲೆಯ ಮೇಲಿದ್ದರೂ ಈ ಗತಿ! ಒಳ್ಳೆಯ ಅಧ್ಯಕ್ಷರು ನಿಯಮಾವಳಿಗೆ ಬದಲಿಯಾಗಲಾರರು. ಕಾವಲಿದ್ದರೂ ಲೆಕ್ಕವಿಲ್ಲದಿದ್ದರೆ ಏನಾಗುತ್ತದೆಂದು ಅವರ್ಸಾದವರಿಗೆ ಹೇಳಬೇಕೇ? ಪಕ್ಕದ ಬೇಲೆಕೇರಿ ಬಂದರಿನಲ್ಲಿ ಜಪ್ತು ಮಾಡಿ ಇಟ್ಟಿದ್ದ ಲಕ್ಷಗಟ್ಟಲೆ ಟನ್ನು ಅದಿರು 2010ರಲ್ಲಿ ಹಡಗು ಹತ್ತಿ ಹೋಯಿತು. ಅದಿರಿಗೇ ಕಾಲು ಬರುವ ಸೀಮೆಯಲ್ಲಿ ಬೆವರಿನ ಲೆಕ್ಕ ಇಡುವವರಾರು?

ಈಗ ಗಿರಣಿಯ ಬಂಧುಗಳು ಗಮನವಿಟ್ಟು ಓದಬೇಕಾದ ಭಾಗಕ್ಕೆ ಬರುತ್ತೇವೆ. ಸ್ವಯಂಸೇವಕ, ಗೌರವ ಕಾರ್ಯಕರ್ತೆ ಎಂಬ ಹೆಸರುಗಳು ಪಗಾರ ಕೊಡದಿರಲು ಸರಕಾರ ಕಂಡುಕೊಂಡ ಒಳದಾರಿಗಳಾಗಿವೆ. ಅಂಗನವಾಡಿ 1975ರಲ್ಲಿ ಆರಂಭವಾಯಿತು. ಅಲ್ಲಿಯ ಅಕ್ಕಂದಿರದು "ಗೌರವ ಸೇವೆ", ಅವರು ಸರಕಾರಿ ಹುದ್ದೆಯವರಲ್ಲ. ನಮ್ಮ ರಾಜ್ಯದಿಂದಲೇ ಹೋದ ಅಮೀರಬಿ ಪ್ರಕರಣದಲ್ಲಿ 2006ರಲ್ಲಿ ಸುಪ್ರೀಂ ಕೋರ್ಟು ಹಾಗೆಯೇ ತೀರ್ಪು ಕೊಟ್ಟಿತು. ಅವರಿಗೆ ಗ್ರ್ಯಾಚ್ಯುಟಿ ಸಲ್ಲಬೇಕೆಂದು ಅದೇ ಕೋರ್ಟು ಹೇಳಲು 2022 ಬರಬೇಕಾಯಿತು. ಹೋಂ ಗಾರ್ಡುಗಳೂ ಸ್ವಯಂಸೇವಕರೇ. ಅವರ ದಿನಭತ್ಯೆ ಪೊಲೀಸ್ ಸಿಬ್ಬಂದಿಯ ಕನಿಷ್ಠ ಪಗಾರಕ್ಕೆ ಸಮನಾಗಿರಬೇಕೆಂದು 2015ರಲ್ಲಿ ತೀರ್ಪು ಬಂತು, ಕಾಯಂ ನೌಕರಿಯ ಬೇಡಿಕೆಯನ್ನು ಮಾತ್ರ ಒಪ್ಪಲಿಲ್ಲ. ಆಶಾ ಕಾರ್ಯಕರ್ತೆಯರು 2025ರ ಜನವರಿಯ ಚಳಿಯಲ್ಲಿ ಬೆಂಗಳೂರಿನ ಫ್ರೀಡಂ ಪಾರ್ಕಿನಲ್ಲಿ ಕುಳಿತು ತಿಂಗಳಿಗೆ ಕನಿಷ್ಠ 10,000 ರೂಪಾಯಿಯ ಭರವಸೆ ಪಡೆದರು. ಅದೇ ವರ್ಷದ ಆಗಸ್ಟಿನಲ್ಲಿ ಆ ಭರವಸೆಯನ್ನು ಜ್ಞಾಪಿಸಲು ಮತ್ತೆ ಬೀದಿಗೆ ಇಳಿದರು. ಇಂದು ಆಸ್ಪತ್ರೆಗೆ, ಶಾಲೆಗೆ ಸ್ವಯಂಸೇವಕರು, ನಾಳೆ ಪಂಚಾಯತದ ನೀರಿಗೆ ಸ್ವಯಂಸೇವಕರು. ನಾಡಿದ್ದು ದಾಂಡೇಲಿಯಲ್ಲೋ ಬಿಣಗಾದಲ್ಲೋ ಮುಷ್ಕರ ನಡೆದರೆ "ರಾಷ್ಟ್ರದ ಉತ್ಪಾದನೆ ನಿಲ್ಲಬಾರದು" ಎಂದು ಇದೇ ಹುಡುಗರನ್ನು ಗೇಟಿನೊಳಗೆ ಬಿಡುವುದಿಲ್ಲವೆಂದು ಯಾವ ಕಲಮು ಹೇಳುತ್ತದೆ?

ಬಂಡವಾಳಶಾಹಿಯ ತವರೆಂದು ನಾವು ದಿನವೂ ಬಯ್ಯುವ ಅಮೇರಿಕೆಯಲ್ಲಿ ಅಂಥ ಕಲಮು ಇದೆ! 1993ರ ಅವರ ಕಾಯದೆಯಂತೆ ಸೇವಾಕಾರ್ಯದ ಹಣ ಬಯಸುವ ರಾಜ್ಯಗಳು ಆಯೋಗ ರಚಿಸಿಕೊಳ್ಳುತ್ತವೆ. ಮತ ಹಾಕುವ ಸದಸ್ಯರು 15ಕ್ಕೆ ಕಡಿಮೆಯಿಲ್ಲ, 25ಕ್ಕೆ ಹೆಚ್ಚಿಲ್ಲ. ಅವರಲ್ಲಿ ಸರಕಾರಿ ನೌಕರರು ನಾಲ್ಕರಲ್ಲಿ ಒಂದು ಪಾಲನ್ನು ಮೀರಕೂಡದು. ಒಂದೇ ಪಕ್ಷದವರು ಅರ್ಧಕ್ಕಿಂತ ಒಬ್ಬರಷ್ಟೇ ಹೆಚ್ಚಿರಬಹುದು. ಕಾರ್ಮಿಕ ಸಂಘದ ಪ್ರತಿನಿಧಿ ಇರಲೇಬೇಕು, 16ರಿಂದ 25 ವಯಸ್ಸಿನ ಒಬ್ಬ ತರುಣ ಅಥವಾ ತರುಣಿ ಇರಲೇಬೇಕು. ಅಧ್ಯಕ್ಷನನ್ನು ಸದಸ್ಯರೇ ಚುನಾಯಿಸತಕ್ಕದ್ದು. ಸೇವಕನನ್ನು ತಂದು ನೌಕರನ ಕೆಲಸ ಕಳೆಯುವಂತಿಲ್ಲ, ಮುಷ್ಕರ ಹೂಡಿದವನ ಜಾಗದಲ್ಲಿ ಅವನನ್ನು ನಿಲ್ಲಿಸುವಂತಿಲ್ಲ. ಅಲ್ಲಿ ಎಲ್ಲವೂ ಹಾಲುಜೇನೆಂದು ನಾವು ಹೇಳುವುದಿಲ್ಲ. 2025ರ ಏಪ್ರಿಲಿನಲ್ಲಿ ವಾಷಿಂಗ್ಟನ್ ಸರಕಾರ ಈ ಕಾರ್ಯಕ್ಕೆ ಮಂಜೂರಾಗಿದ್ದ ಸುಮಾರು 40 ಕೋಟಿ ಡಾಲರನ್ನು ಒಂದೇಟಿಗೆ ಕಡಿದುಹಾಕಿತು. ಆದರೆ ಇಪ್ಪತ್ತಕ್ಕೂ ಮಿಕ್ಕಿದ ರಾಜ್ಯಗಳು ಕೋರ್ಟಿಗೆ ಹೋದವು, ಜೂನಿನಲ್ಲಿ ತಮ್ಮ ಪರವಾಗಿ ಆಜ್ಞೆಯನ್ನೂ ಪಡೆದವು. ಕಾಯದೆ ಇದ್ದುದರಿಂದಲೇ ಅವರಿಗೆ ಬಾಗಿಲು ತಟ್ಟಲು ಒಂದು ಕೋರ್ಟು ಸಿಕ್ಕಿತು.

ನಮ್ಮಲ್ಲಿ? 1969ರಿಂದ ರಾಷ್ಟ್ರೀಯ ಸೇವಾ ಯೋಜನೆ ಇದೆ. ವಿದ್ಯಾರ್ಥಿ ಎರಡು ವರ್ಷಗಳಲ್ಲಿ 240 ಗಂಟೆ ಸೇವೆ ಮಾಡುತ್ತಾನೆ. 2023ರ ಅಕ್ಟೋಬರ್ 31ರಿಂದ "ಮೇರಾ ಯುವ ಭಾರತ" ಬಂದಿದೆ, 15ರಿಂದ 29 ವಯಸ್ಸಿನವರಿಗೆ. ಅದು ಮಂತ್ರಿಮಂಡಲದ ಒಪ್ಪಿಗೆಯಿಂದ ಹುಟ್ಟಿದ ಸಂಸ್ಥೆ, ಸಂಸತ್ತಿನ ಕಾಯದೆಯಿಂದ ಹುಟ್ಟಿದ್ದಲ್ಲ. ಕೋಟಿಗೂ ಮಿಕ್ಕಿ ಹೆಸರುಗಳು ಸೇರಿವೆಯೆಂದು ಸರಕಾರ ಹೆಮ್ಮೆಪಡುತ್ತದೆ. ಆ ಕೋಟಿಯಲ್ಲಿ ಒಬ್ಬನಿಗಾದರೂ ತನ್ನ ಮೇಲೆ ಕುಳಿತವರನ್ನು ಆರಿಸುವ ಮತವಿದೆಯೇ?

ನಿಯಮ ಹೆಚ್ಚಾದರೆ ಸೇವೆಯ ಭಾವನೆ ಸಾಯುತ್ತದೆಂದು ಮೇಲಿನವರು ಹೇಳುತ್ತಾರೆ. ಸಹಕಾರಿ ಸಂಘಕ್ಕೆ ನಿಯಮವಿದೆ, ದೇವಸ್ಥಾನದ ಹುಂಡಿಗೂ ನಿಯಮವಿದೆ. ಅವರ್ಸಾದ ಕಾತ್ಯಾಯನಿಗೆ ಕಾಣಿಕೆ ಹಾಕುವವರ ಭಕ್ತಿ ಹುಂಡಿಗೆ ಬೀಗ ಹಾಕಿದ್ದರಿಂದ ಕಡಿಮೆಯಾಯಿತೇ?

ಆದ್ದರಿಂದ ಕರ್ನಾಟಕದಲ್ಲಿ ಸ್ವಯಂಸೇವೆಗಾಗಿ ಆಯೋಗ ಮಾಡುವುದಾದರೆ ಅದು ವಿಧಾನಮಂಡಲದ ಕಾಯದೆಯಿಂದ ಹುಟ್ಟಲಿ, ಮಂತ್ರಿಯ ಒಂದು ಆದೇಶದಿಂದಲ್ಲ. ಅಧ್ಯಕ್ಷರನ್ನು ಸದಸ್ಯರು ಆರಿಸಲಿ. ಕಾರ್ಮಿಕರ ಪ್ರತಿನಿಧಿಯನ್ನು ಸಂಘಗಳೇ ಕಳಿಸಲಿ, ಸರಕಾರ ತನಗೆ ಬೇಕಾದ ಕಾರ್ಮಿಕ ನಾಯಕನನ್ನು ಹುಡುಕಿಕೊಳ್ಳುವುದು ಬೇಡ. ಮೀನು ಮಾರುವ ಹೆಂಗಸಿಗೆ ಅಲ್ಲಿ ಕುರ್ಚಿ ಇರಲಿ. ಪೇಟೆಯ ಸಣ್ಣ ವ್ಯಾಪಾರಿಗೂ ಇರಲಿ, ಏಕೆಂದರೆ ಶಿಬಿರದ ಅಕ್ಕಿ, ಬೆಲ್ಲ, ಬ್ಯಾನರು ಎಂದು ವಂತಿಗೆ ಎತ್ತುವುದು ಅವನ ಗಲ್ಲಾಪೆಟ್ಟಿಗೆಯಿಂದಲೇ. ಕೊಟ್ಟ ಹಣಕ್ಕೆ ಪಾವತಿ ಕೇಳುವ ಹಕ್ಕು ಅವನದು. ತನ್ನ ಸಂಸ್ಥೆಗೆ ಹಣ ಕೇಳುವ ಸದಸ್ಯ ಆ ದಿನ ಸಭೆಯಿಂದ ಎದ್ದು ಹೊರಗೆ ನಿಲ್ಲಲಿ. ಎಲ್ಲಕ್ಕಿಂತ ಮೊದಲು, ಸೇವೆಯಲ್ಲಿ ಗಾಯಗೊಂಡವನಿಗೆ ಪಟ್ಟಿಯಲ್ಲಿ ಹೆಸರಿರಲಿ ಬಿಡಲಿ ಚಿಕಿತ್ಸೆ, ಸತ್ತವನ ಮನೆಗೆ ಹಕ್ಕಿನ ಪರಿಹಾರ. ವರ್ಷವಿಡೀ ದಿನಕ್ಕೆ ಆರೆಂಟು ತಾಸು ಮಾಡಿಸಿಕೊಳ್ಳುವ ಕೆಲಸಕ್ಕೆ ಸೇವೆಯೆಂಬ ಹೆಸರು ಸಲ್ಲದು. ಅದು ನೌಕರಿ, ಅದಕ್ಕೆ ಪಗಾರ ಕೊಡತಕ್ಕದ್ದು.

ಮುಂದಿನ ಗ್ರಾಮಸಭೆಯಲ್ಲಿ ಈ ಮಾತುಗಳನ್ನೇ ಠರಾವಿನ ರೂಪದಲ್ಲಿ ಮಂಡಿಸುವಂತೆ ಅವರ್ಸಾದ ಗೆಳೆಯರನ್ನು ಕೇಳಿಕೊಂಡಿದ್ದೇವೆ. ನಿಮ್ಮ ನಿಮ್ಮ ಊರುಗಳಲ್ಲಿ ನೀವೂ ಮಂಡಿಸಿರಿ. ಊರಿನಲ್ಲಿ ನಡೆದ ಪ್ರತಿ ಶ್ರಮದಾನದ ಖರ್ಚನ್ನು, ಅದೇ ಕೆಲಸಕ್ಕೆ ಎತ್ತಿದ ಬಿಲ್ಲಿದ್ದರೆ ಅದನ್ನೂ, ಸಭೆಯಲ್ಲಿ ಗಟ್ಟಿಯಾಗಿ ಓದಿಸಿರಿ. ಓದಲು ಒಪ್ಪದಿದ್ದರೆ ಮಾಹಿತಿ ಹಕ್ಕಿನ 2005ರ ಕಾಯದೆ ಇದೆ, ಅರ್ಜಿ ಬರೆಯಲು ಬಾರದವರು ನಮ್ಮ ಕಚೇರಿಗೆ ಬರಲಿ. ಆ ಹುಡುಗ ಮತ್ತೆ ಸಿಕ್ಕಿದ್ದ. ಹೆಸರು ಹಾಕಿದೆಯಾ ಎಂದೆವು. "ಇನ್ನೂ ಇಲ್ಲ ಸರ್, ಆ ಅಜ್ಜ ಕೇಳಿದ್ದಕ್ಕೆ ಅದರಲ್ಲಿ ಉತ್ತರ ಹುಡುಕ್ತಾ ಇದ್ದೇನೆ" ಎಂದ.