ನಗರದಲ್ಲಿ ನಿಸರ್ಗಕ್ಕೆ ಎಡೆ

ನಗರದ ಬಂಜರು ನೆಲಕ್ಕೆ, ಕಾಲುವೆಗೆ, ಕೆರೆಯಂಗಳಕ್ಕೆ ನಿಸರ್ಗವನ್ನು ಮರಳಿ ಕರೆತರುವ ಬಗೆಯನ್ನು ವಿದ್ಯಾರ್ಥಿಗಳು ಒಡಗೂಡಿ ಆಲೋಚಿಸುವ ಕಮ್ಮಟಗಳು ಈಚೆಗೆ ಅಲ್ಲಲ್ಲಿ ನಡೆಯುತ್ತಿವೆ. ನಮ್ಮ ತರುಣರು ಅವುಗಳಲ್ಲಿ ಭಾಗವಹಿಸುವುದು ಮೆಚ್ಚತಕ್ಕ ಸಂಗತಿಯೇ ಸರಿ. ಆದರೆ ನಕ್ಷೆ ಬರೆಯಲು ಕುಳಿತುಕೊಳ್ಳುವ ಮೊದಲು ಅವರು ಒಂದು ಪ್ರಶ್ನೆಯನ್ನು ಕೇಳಿಕೊಳ್ಳಬೇಕೆಂದು ನಮ್ಮ ಅಭಿಪ್ರಾಯ: ನಾವು ಮರಳಿ ತರಬೇಕೆನ್ನುವ ನಿಸರ್ಗ ಯಾವುದು?

ಬೆಂಗಳೂರನ್ನೇ ತೆಗೆದುಕೊಳ್ಳೋಣ. ಸಮುದ್ರಮಟ್ಟಕ್ಕಿಂತ ಸುಮಾರು 900 ಮೀಟರು ಎತ್ತರದಲ್ಲಿರುವ ಈ ನಗರ, ನೀರನ್ನು ಇಬ್ಭಾಗಿಸುವ ದಿಣ್ಣೆಯ ಮೇಲೆ ಬೆಳೆದಿದೆ. ಪಶ್ಚಿಮದ ಇಳಿಜಾರಿನ ಮಳೆನೀರು ವೃಷಭಾವತಿಯ ಮೂಲಕ ಅರ್ಕಾವತಿಯತ್ತಲೂ, ಪೂರ್ವದ್ದು ದಕ್ಷಿಣ ಪಿನಾಕಿನಿಯತ್ತಲೂ ಸಾಗುತ್ತದೆ. ದೊಡ್ಡ ಹೊಳೆಯಿಲ್ಲದ ಈ ನೆಲದಲ್ಲಿ ಹಿಂದಿನವರು ಕಣಿವೆಗಳಿಗೆ ಅಡ್ಡಲಾಗಿ ಏರಿ ಕಟ್ಟಿ, ಒಂದು ಕೆರೆ ಕೋಡಿ ಬಿದ್ದರೆ ಆ ನೀರು ಕಾಲುವೆಯಲ್ಲಿ ಹರಿದು ಮುಂದಿನ ಕೆರೆಯನ್ನು ಸೇರುವಂತೆ ಮಾಡಿದರು. ಎಂದಮೇಲೆ ಇಂದು ಬೆಳ್ಳಕ್ಕಿಗೂ ಮೀನಿಗೂ ನೆಲೆಯಾಗಿರುವ ಈ ಕೆರೆಗಳು ಮನುಷ್ಯನ ಕೈಕೆಲಸವೇ ಅಲ್ಲವೆ? ಮನುಷ್ಯನನ್ನು ಹೊರಗಿಟ್ಟರೆ ನಿಸರ್ಗ ತಾನಾಗಿ ಮರಳುವುದೆಂಬ ಮಾತು ಇಲ್ಲಿ ಪೂರ್ತಿಯಾಗಿ ಸಲ್ಲದು. ಹೂಳೆತ್ತುವವರಿಲ್ಲದೆ ಕೆರೆ ಕೆರೆಯಾಗಿ ಉಳಿಯಲಾರದು.

ಇದೇ ನಗರದ ಜಕ್ಕೂರು ಕೆರೆಯಲ್ಲಿ ಮಾಡಿರುವ ಏರ್ಪಾಡು ವಿದ್ಯಾರ್ಥಿಗಳಿಗೆ ಒಳ್ಳೆಯ ಪಾಠ. ಶುದ್ಧೀಕರಣ ಘಟಕದಿಂದ ಬಂದ ನೀರು ನೇರವಾಗಿ ಕೆರೆಗೆ ಸೇರದೆ, ಜೊಂಡು ಬೆಳೆದ ಜೌಗು ನೆಲವನ್ನು ಹಾದುಹೋಗುತ್ತದೆ. ನೀರಿನ ವೇಗ ತಗ್ಗಿದಾಗ ಅದರಲ್ಲಿನ ಕಣಗಳು ತಳಕ್ಕಿಳಿಯುತ್ತವೆ. ಬೇರುಗಳಿಗೆ ಅಂಟಿಕೊಂಡ ಬ್ಯಾಕ್ಟೀರಿಯಗಳು ಕಶ್ಮಲವನ್ನು ವಿಭಜಿಸುತ್ತವೆ. ಸಸ್ಯಗಳು ನೈಟ್ರೊಜನ್ ಮತ್ತು ಫಾಸ್ಫರಸ್ಸನ್ನು ಹೀರುತ್ತವೆ. ಆದರೆ ಇಂಥ ಜೌಗಿನಲ್ಲಿ ಬೆಳೆದ ಜೊಂಡನ್ನು ಕಾಲಕಾಲಕ್ಕೆ ಕೊಯ್ದು ಹೊರತೆಗೆಯದಿದ್ದರೆ, ಅದು ಕೊಳೆತು ತಾನು ಹೀರಿದ್ದರಲ್ಲಿ ಬಹುಪಾಲನ್ನು ನೀರಿಗೇ ಒಪ್ಪಿಸಿಬಿಡುತ್ತದೆ. ಕುಡುಗೋಲು ಹಿಡಿದವನೂ ಈ ಯಂತ್ರದ ಒಂದು ಅಂಗವೆಂಬುದನ್ನು ಮರೆಯಬಾರದು.

ಕೆರೆಯ ಸುತ್ತ ಬೇಲಿ ಹಾಕಿ, ಕಾಲುದಾರಿ ಮಾಡಿ, ಹೂಗಿಡಗಳನ್ನು ನೆಟ್ಟರೆ ನೋಟವೇನೋ ಚೆನ್ನಾಗಿರುತ್ತದೆ. ಆದರೆ ದನಕ್ಕೆ ಹುಲ್ಲು ಕೊಯ್ಯುವವಳು, ಬಲೆ ಬೀಸುವವನು ಆ ಬೇಲಿಯ ಹೊರಗೆ ಉಳಿಯುತ್ತಾರೆ. ನೀರು ಯಾವ ತಿಂಗಳಲ್ಲಿ ಎಲ್ಲಿಯವರೆಗೆ ಏರುತ್ತದೆ, ಹಕ್ಕಿ ಎಲ್ಲಿ ಮೊಟ್ಟೆಯಿಡುತ್ತದೆ ಎಂಬುದನ್ನು ಬಲ್ಲವರು ಅವರೇ. ಅವರ ಜೀವನೋಪಾಯವನ್ನು ಕಸಿದುಕೊಂಡು ಪಡೆದ ಹಸುರು ನ್ಯಾಯವಾದದ್ದಲ್ಲ; ಬಹುಕಾಲ ಬಾಳುವಂಥದೂ ಅಲ್ಲ.

ಸಿಂಗಪುರದ ಬಿಷಾನ್ ಉದ್ಯಾನದಲ್ಲಿ 2.7 ಕಿಲೋಮೀಟರಿನ ನೇರವಾದ ಕಾಂಕ್ರೀಟ್ ಕಾಲುವೆಯನ್ನು 3.2 ಕಿಲೋಮೀಟರಿನ ಬಳುಕುವ ಹೊಳೆಯನ್ನಾಗಿ ಮಾರ್ಪಡಿಸುವ ಕೆಲಸ 2012ರಲ್ಲಿ ಮುಗಿಯಿತು. ಅಂಥದನ್ನು ಕಂಡು ಉತ್ಸಾಹ ತಾಳುವುದು ಸಹಜ. ಆದರೆ ವರ್ಷದ ಉದ್ದಕ್ಕೂ ಮಳೆ ಸುರಿಯುವ ಆ ದ್ವೀಪದ ನಕ್ಷೆಯನ್ನು ಬೇಸಗೆಯಲ್ಲಿ ಒಣಗುವ ನಮ್ಮ ಬಯಲಿಗೆ ಹಾಗೆಯೇ ಹೊಂದಿಸುವುದು ಸಾಧ್ಯವೆ?

ಆದುದರಿಂದ ಕಮ್ಮಟದ ಎರಡು ಮೂರು ದಿನಗಳೇ ಸಾಲವು. ಸಸ್ಯಶಾಸ್ತ್ರ ಓದುವವರೂ ಎಂಜಿನಿಯರಿಂಗ್ ಓದುವವರೂ ಜೊತೆಗೂಡಿ, ಒಂದೇ ಕೆರೆಯನ್ನು ಮಳೆಗಾಲದಲ್ಲೊಮ್ಮೆ, ಚಳಿಯಲ್ಲೊಮ್ಮೆ, ಬೇಸಗೆಯಲ್ಲೊಮ್ಮೆ ನೋಡಿ ಬರೆದಿಡಲಿ. ನಕ್ಷೆಯನ್ನು ಒಪ್ಪಿಸುವ ಮುನ್ನ ಅದನ್ನು ಕೆರೆಯ ದಡದಲ್ಲಿ ದುಡಿಯುವವರ ಮುಂದೆ ಹರಡಿ, ಅವರು ಬೇಡವೆಂದದ್ದನ್ನು ತಿದ್ದಲಿ. ವಿಜ್ಞಾನವು ನಿಸರ್ಗಕ್ಕೂ ನೆರೆಯವರಿಗೂ ಉಪಕಾರಿಯಾಗುವುದು ಹೀಗೆಯೇ.