ಮಾರಲು ಅಡ್ಡಿಯಿಲ್ಲ, ಲಾವಣಿಗೆ ಮಾತ್ರ ನಿಷೇಧ

ದ್ವೀಪದಲ್ಲೊಂದು ಸ್ವಂತ ಮನೆ ಬೇಕೆಂಬ ಉಳ್ಳವರ ಆಸೆಗೆ ಬೆಲೆ ಕಟ್ಟುವುದು ಅಲ್ಲಿನ ನೆಲದ ಕೊರತೆ. ಅದನ್ನು ಅರಿತ ದ್ವೀಪಗಳು ನೆಲವನ್ನು ಸುಲಭಕ್ಕೆ ಬಿಟ್ಟುಕೊಟ್ಟಿಲ್ಲ. ಮಾಲ್ಡೀವ್ಸ್‌ನ ರೆಸಾರ್ಟ್‌ಗಳು ನಡೆಯುವುದು ದೀರ್ಘಾವಧಿ ಗುತ್ತಿಗೆಯ ಮೇಲೆ. ಲಕ್ಷದ್ವೀಪದಲ್ಲೂ ಜಮೀನು ಹೊರಗಿನವರ ಪಾಲಾಗದಂತೆ ಕಾನೂನಿನ ಕಾವಲಿದೆ. ನೆಲವನ್ನು ಉಳಿಸಿಕೊಳ್ಳುವ ಇದೇ ಪ್ರಶ್ನೆ ವಿಜಯಪುರ ಜಿಲ್ಲೆಯಲ್ಲೂ ಇದೆ; ಆದರೆ ಇಲ್ಲಿ ಕೊರತೆ ನೆಲದ್ದಲ್ಲ, ನೀರಿನದು. ಆಲಮಟ್ಟಿ ಹಿನ್ನೀರನ್ನು ಎತ್ತಿ ಬಸವನ ಬಾಗೇವಾಡಿ, ಇಂಡಿ, ಸಿಂದಗಿ, ಮುದ್ದೇಬಿಹಾಳ ಭಾಗದ ಹೊಲಗಳಿಗೆ ಹರಿಸುವ ಮುಳವಾಡ ಏತ ನೀರಾವರಿ ಯೋಜನೆ ಬಂದ ಮೇಲೆ ಎರೆಭೂಮಿಯ ಬೆಲೆ ಏರಿದೆ. ಈ ಬೆಲೆಯೇರಿಕೆ ಸರ್ಕಾರದ ದುಡ್ಡಿನಿಂದ ಆದದ್ದು. ಕೃಷ್ಣಾ ಮೇಲ್ದಂಡೆ ಯೋಜನೆಯ ಮೂರನೇ ಹಂತದ ಮುಳುಗಡೆ ಜಮೀನಿಗೆ 2025ರ ಸೆಪ್ಟೆಂಬರ್‌ನಲ್ಲಿ ರಾಜ್ಯ ಸಚಿವ ಸಂಪುಟ ಒಪ್ಪಿದ ದರ ಎಕರೆಗೆ ನೀರಾವರಿಗಾದರೆ 40 ಲಕ್ಷ, ಒಣಬೇಸಾಯಕ್ಕಾದರೆ 30 ಲಕ್ಷ ರೂಪಾಯಿ. ನೀರಿನ ಬೆಲೆ ಹತ್ತು ಲಕ್ಷ ಎಂದು ಸರ್ಕಾರವೇ ಹೇಳಿದಂತಾಯಿತು.

ಈ ಲಾಭ ಯಾರಿಗೆ ಸಿಗಬೇಕು ಎಂಬಲ್ಲಿ ನಮ್ಮ ಕಾನೂನು ಎಡವಿದೆ. ಕರ್ನಾಟಕ ಭೂಸುಧಾರಣಾ ಕಾಯ್ದೆಯ 79ಎ, 79ಬಿ ಕಲಮುಗಳನ್ನು 2020ರಲ್ಲಿ ರದ್ದು ಮಾಡಿದ್ದರಿಂದ ಕೃಷಿಕರಲ್ಲದವರೂ ಹೊಲ ಕೊಳ್ಳಬಹುದು. ಅದೇ ಕಾಯ್ದೆಯ 5ನೇ ಕಲಮು ಮಾತ್ರ, ಸೈನಿಕರು, ನಾವಿಕರಂಥ ಕೆಲವರನ್ನು ಬಿಟ್ಟರೆ, ಜಮೀನನ್ನು ಗೇಣಿಗೆ, ಅಂದರೆ ಈ ಭಾಗದ ಮಾತಿನಲ್ಲಿ ಲಾವಣಿಗೆ, ಕೊಡುವುದನ್ನು ಇಂದಿಗೂ ನಿಷೇಧಿಸುತ್ತದೆ. ಮಗಳ ಮದುವೆಗೋ ಆಸ್ಪತ್ರೆ ಖರ್ಚಿಗೋ ಹಣ ಬೇಕಾದ ರೈತನಿಗೆ ಕಾನೂನು ಒಪ್ಪುವ ದೊಡ್ಡ ದಾರಿ ಮಾರಾಟವೊಂದೇ. ಹಾಗೆಂದು ಲಾವಣಿ ನಿಂತಿಲ್ಲ. ಬಾಯಿಮಾತಿನಲ್ಲಿ ನಡೆದೇ ಇದೆ. ಉತಾರದಲ್ಲಿ (ಪಹಣಿಯಲ್ಲಿ) ಹೆಸರು ಮಾಲೀಕನದು. ಹಾಗಾಗಿ ಲಾವಣಿ ಹಿಡಿದು ಉಳುವವನಿಗೆ ಸೊಸೈಟಿಯ ಬೆಳೆಸಾಲ ದಕ್ಕದು, ತೊಗರಿ ಒಣಗಿದರೆ ಪರಿಹಾರ ಜಮಾ ಆಗುವುದೂ ಮಾಲೀಕನ ಖಾತೆಗೆ.

ಆಸ್ತಿ ಮಾರುವುದು ರೈತನ ಹಕ್ಕಲ್ಲವೇ ಎಂದು ಕೇಳುವವರಿದ್ದಾರೆ. ಹೌದು, ಅದನ್ನು ಕಸಿಯಬೇಕೆಂದು ಇಲ್ಲಿ ವಾದಿಸುತ್ತಿಲ್ಲ. ಆದರೆ ಬೇರೆ ದಾರಿಗಳನ್ನೆಲ್ಲ ಮುಚ್ಚಿ ಮಾರಾಟವನ್ನಷ್ಟೇ ತೆರೆದಿಟ್ಟರೆ ಅದು ಸ್ವಾತಂತ್ರ್ಯವಾಗದು. ಇದಕ್ಕಿಂತ ಗಟ್ಟಿಯಾದ ಆಕ್ಷೇಪ ಇನ್ನೊಂದಿದೆ: ಗೇಣಿ ಮರಳಿದರೆ ದೇವರಾಜ ಅರಸರ ಕಾಲದ 1974ರ ತಿದ್ದುಪಡಿ ಕೊನೆಗಾಣಿಸಿದ ಜಮೀನ್ದಾರಿಯೂ ಮರಳೀತಲ್ಲ? ಅಂದು ಹೊಲ ಕೊಡುವವನು ಬಲಿಷ್ಠ, ಉಳುವವನು ನಿರ್ಗತಿಕ. ಇಂದು ನಾಲ್ಕೆಕರೆಯ ರೈತನೇ ಕೊಡುವವನು. ಹಿಡಿಯುವವನು ನೆರೆಯವನೂ ಆಗಿರಬಹುದು, ಕಂಪನಿಯೂ ಆಗಿರಬಹುದು. ಆದ್ದರಿಂದ ರಕ್ಷಣೆ ಇಬ್ಬರಿಗೂ ಬೇಕು. ನೀತಿ ಆಯೋಗ 2016ರಲ್ಲಿ ಮುಂದಿಟ್ಟ ಮಾದರಿ ಭೂಗುತ್ತಿಗೆ ಕಾಯ್ದೆಯ ತಿರುಳೂ ಇದೇ: ಮಾಲೀಕತ್ವಕ್ಕೆ ಧಕ್ಕೆಯಿಲ್ಲ, ಉಳುವವನಿಗೆ ಸಾಲ ಮತ್ತು ವಿಮೆಯ ಬಾಗಿಲು ತೆರೆಯುತ್ತದೆ.

ಸರ್ಕಾರ 5ನೇ ಕಲಮನ್ನು ತಿದ್ದಿ, ಅವಧಿ ಮತ್ತು ಬಾಡಿಗೆ ನಮೂದಾದ ಲಿಖಿತ ಲಾವಣಿಗೆ ಅವಕಾಶ ಕೊಡಲಿ. ಒಬ್ಬರೇ ಎಷ್ಟು ಎಕರೆ ಹಿಡಿಯಬಹುದೆಂಬ ಮಿತಿಯನ್ನೂ ಹಾಕಲಿ. ಕಾಲುವೆಯ ನೀರು ಹೊಲಕ್ಕೆ ಬರುವ ಮೊದಲೇ ಹೊಲ ಕೈಬಿಟ್ಟು ಹೋದರೆ, ಏತ ನೀರಾವರಿಗೆ ಸುರಿದ ಹಣದ ಫಲ ಉಣ್ಣುವವರು ಮುಳವಾಡದ ರೈತರಾಗಿರುವುದಿಲ್ಲ.